ಅದು ಯಾವ ‘ಆತು’?

ಹೊಸ ಚೀಲಕ್ಕೂ ಒಂದು ವಾಸನೆ ಇದೆ ಎಂದರೆ ನನ್ನ ತಂಗಿ ಈಗಲೂ ನಗುತ್ತಾಳೆ. ಅವಳಿಗೇನು ಗೊತ್ತು. ಮೊನ್ನೆ ಗೆಳತಿಯ ಮಗಳ ಮದುವೆಗೆಂದು ರೋಣಕ್ಕೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಸುಮ್ಮನೆ ಕಾಲು ಎಳೆದ ಕಡೆ ನಡೆದೆ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ಗೋದಾಮಿನ ಬಾಗಿಲು ತೆರೆದಿತ್ತು. ಒಳಗಿನಿಂದ ಆ ವಾಸನೆ ಬಂತು. ಹೊಸ ಪ್ಲಾಸ್ಟಿಕ್ ನೂಲು, ಇನ್ನೂ ಸರಿಯಾಗಿ ಆರದ ಅಚ್ಚಿನ ಬಣ್ಣ, ಅದರ ಜೊತೆ ಹೆಸರುಕಾಳಿನ ಧೂಳು. ನಾನು ಅಲ್ಲೇ ನಿಂತುಬಿಟ್ಟೆ.

ಕೆಲವು ವರ್ಷಗಳ ಹಿಂದೆ ಆ ಗೋದಾಮಿನಲ್ಲೇ ನಾನೊಂದು ಮುಂಗಾರು ಕಳೆದಿದ್ದೆ. ನಮ್ಮದು ಚೀಲದ ಕಂಪನಿ. ಬೇಳೆ ಮಿಲ್ಲುಗಳಿಗೆ, ಕಾಳಿನ ವ್ಯಾಪಾರಿಗಳಿಗೆ ಅವರವರ ಮಾರ್ಕಿನ ಚಿತ್ರ ಅಚ್ಚು ಹಾಕಿಸಿ ಚೀಲ ಮಾರುವುದು ಕೆಲಸ. ಒಬ್ಬರದು ಎತ್ತು, ಒಬ್ಬರದು ಕಮಲ, ಇನ್ನೊಬ್ಬರದು ತೀರಿಹೋದ ತಂದೆಯ ಫೋಟೋ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆಯ ವ್ಯಾಪಾರ ಕುಂಟುತ್ತಿದೆ ಎಂದು ಕಂಪನಿಯವರು ನನ್ನನ್ನು ಹುಬ್ಬಳ್ಳಿಯಿಂದ ಅಲ್ಲಿಗೆ ಕಳಿಸಿದ್ದರು. ಮೂವರು ಮಾರಾಟಗಾರರು, ಅವರ ಮೇಲೆ ನಾನು. ಹೆಸರಿನ ಸುಗ್ಗಿ ಮುಗಿಯುವುದರೊಳಗೆ ವ್ಯಾಪಾರ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಮೂವರಲ್ಲಿ ಒಬ್ಬರನ್ನು ಮನೆಗೆ ಕಳಿಸಬೇಕು. ಇದು ಬೆಂಗಳೂರಿನ ಸಾಹೇಬರು ಫೋನಿನಲ್ಲಿ ಬಹಳ ಸಿಹಿಯಾಗಿ ಹೇಳಿದ ಮಾತು. ಸಿಹಿಯಾಗಿ ಹೇಳಿದ ಮಾತುಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ.

ಗಜೇಂದ್ರಗಡಕ್ಕೆ ರಿಯಾಜ್ ಭಾಯ್. ನನಗಿಂತ ಹಿರಿಯರು, ಸೀರೆ ವ್ಯಾಪಾರದ ಮನೆತನ, ಮಾತು ಕಡಿಮೆ, ಆದರೆ ಯಾರನ್ನು ಬೇಕಾದರೂ ಅನುಕರಿಸಿ ತೋರಿಸುವವರು. ರೋಣಕ್ಕೆ ಜಕ್ಕಲಿಯ ಹುಡುಗಿ ಶಶಿಕಲಾ. ಚೀಲ ಮಾರಲು ಹೆಣ್ಣುಮಗಳು ಬಂದದ್ದು ನೋಡಿ ಅಂಗಡಿಯವರೆಲ್ಲ ಮೊದಲು ಚಾ ಕುಡಿಸುತ್ತಿದ್ದರು, ಆಮೇಲೂ ಚಾ ಕುಡಿಸುತ್ತಿದ್ದರು, ಆರ್ಡರು ಮಾತ್ರ ಕೊಡುತ್ತಿರಲಿಲ್ಲ. ನರಗುಂದಕ್ಕೆ ಬೆಳವಣಕಿಯ ಬಸವರಾಜ. ಬಸು ಎಂದರೇ ಅವನು ತಿರುಗಿ ನೋಡುತ್ತಿದ್ದುದು.

ನಾನು ಬಂದಾಗ ನರಗುಂದದ ಜಾಗ ಖಾಲಿ ಇತ್ತು, ಬಸುವನ್ನು ಕಂಪನಿಗೆ ತಂದವಳು ನಾನೇ. ಅವನು ರೋಣದ ಒಂದು ಬೀಜದ ಅಂಗಡಿಯಲ್ಲಿ ಆರಾಮಾಗಿದ್ದ. ಒಂದು ದಿನ ಅಲ್ಲಿ ಅವನು ರೈತರೊಡನೆ ಮಾತಾಡುವುದನ್ನು ನೋಡಿ ನನಗೆ ಆಸೆ ಹುಟ್ಟಿತು. ಮನೆಗೇ ಹೋಗಿ ಕೇಳಿದೆ. ಅವನ ತಾಯಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ, ನಾನು ಉಂಡು ಕೈ ತೊಳೆಯುವ ತನಕ ಸುಮ್ಮನಿದ್ದು, ಆಮೇಲೆ ಹೇಳಿದರು.

“ಇದ್ದ ಕೆಲಸಾ ಬಿಡಿಸಿ ಕರಕೊಂಡು ಹೊಂಟೀರಿ. ಆತು, ಹೋಗ್ಲಿ. ನಾಳೆ ಆ ಕೆಲಸಾನೂ ಹೋತಂದ್ರ ಇವನ್ನ ದಿನಾ ನಿಮ್ಮ ಮನಿಗೇ ಉಣ್ಣಾಕ ಕಳಸ್ತೀನಿ ನೋಡ್ರಿ.”

ನಗುತ್ತಲೇ ಹೇಳಿದ್ದರು. ಕಣ್ಣು ನಗುತ್ತಿರಲಿಲ್ಲ.

ಆ ವರ್ಷ ಮಳೆ ಹೇಳಿದ ಹೊತ್ತಿಗೆ ಬಂದಿತ್ತು. ರೋಣದಿಂದ ನರಗುಂದದ ತನಕ ಎರೆಹೊಲದಲ್ಲೆಲ್ಲ ಹೆಸರು ಹಬ್ಬಿ ನಿಂತಿತ್ತು. ಮಳೆ ಬಂದ ದಿನ ಎರೆಮಣ್ಣು ಬೈಕಿನ ಗಾಲಿಗೆ ಮೆತ್ತಿಕೊಂಡು ಗಾಲಿ ತಿರುಗದೆ ನಿಲ್ಲುತ್ತಿತ್ತು. ಶಶಿಕಲಾ ಸ್ಕೂಟಿಯ ಡಿಕ್ಕಿಯಲ್ಲಿ ಒಂದು ಕಡ್ಡಿ ಇಟ್ಟುಕೊಂಡಿರುತ್ತಿದ್ದಳು, ಮಣ್ಣು ಕೆರೆಯಲಿಕ್ಕೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಮೋಡದೊಳಗೆ ಕೈ ಬೀಸುತ್ತಿದ್ದವು. ಬೆಳೆ ಚೆನ್ನಾಗಿದೆ ಎಂದರೆ ಚೀಲ ಬೇಕು ಎಂದರ್ಥ. ನಮಗೆ ಅದೇ ಧೈರ್ಯ.

ಸಾಹೇಬರು ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದ್ದರು. ಗಿರಾಕಿಯನ್ನು ಕಂಡು ಬಂದ ಮೇಲೆ ಅದರಲ್ಲಿ ಒತ್ತಬೇಕು: ಆಯಿತು, ಆಗಲಿಲ್ಲ, ನೋಡೋಣ. ‘ಆಯಿತು’ ಒತ್ತಿದರೆ ಅದು ನನ್ನನ್ನು ದಾಟಿ ನೇರ ಬೆಂಗಳೂರಿಗೆ, ಅಲ್ಲಿಂದ ಅಚ್ಚಿನ ಮನೆಗೆ. ನನ್ನ ಕಣ್ಣಿಗೆ ಬಿದ್ದು ಹೋಗಲಿ ಎಂದು ಕೇಳಿದ್ದೆ, ತಡವಾಗುತ್ತದೆ ಎಂದರು. ಪ್ರತಿ ಸಂಜೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರದು ಹೆಚ್ಚು ‘ಆಯಿತು’ ಎಂದು ನಾನು ಹಾಕಿ, ಮೊದಲನೆಯವರ ಹೆಸರಿನ ಮುಂದೆ ಒಂದು ಕಿರೀಟದ ಚಿತ್ರ ಇಡಬೇಕು. ದಿನಾಲೂ ಕಿರೀಟ ಬಸುವಿಗೆ. ರಿಯಾಜ್ ಭಾಯ್ ಆ ಗುಂಪನ್ನು ತೆರೆಯುವುದನ್ನೇ ಬಿಟ್ಟರು. ಶಶಿಕಲಾ ತನಗೆ ಗೊತ್ತಾದ ನರಗುಂದದ ಒಂದು ಗಿರಾಕಿಯ ಸುದ್ದಿಯನ್ನು ಬಸುವಿಗೆ ಹೇಳದೆ ಮುಚ್ಚಿಟ್ಟುಕೊಂಡಳು. ಇದು ನನ್ನ ಕಿವಿಗೆ ಬಿದ್ದಾಗ ಸಿಟ್ಟು ನೆತ್ತಿಗೇರಿತು. ಮೂರು ಜನರ ಗುಂಪಿನಲ್ಲಿ ಒಬ್ಬರ ತಲೆಗೆ ಕಿರೀಟ ಇಟ್ಟರೆ ಉಳಿದಿಬ್ಬರು ಏನು ಚಾಮರ ಬೀಸಬೇಕೆ?

ಅವತ್ತೇ ಆ ಕಿರೀಟ ನಿಲ್ಲಿಸಿದೆ. ಸಾಹೇಬರಿಗೆ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಅದರ ಬದಲು ಸೋಮವಾರ ಬೆಳಿಗ್ಗೆ ಮೂವರನ್ನೂ ರೋಣದ ಗೋದಾಮಿಗೆ ಕರೆಯುವ ರೂಢಿ ಹಾಕಿದೆ. ಚೀಲದ ಗಂಟುಗಳ ಮೇಲೆ ಕೂರುವುದು, ಗಿರಮಿಟ್ಟು, ಮೆಣಸಿನಕಾಯಿ ಭಜಿ ತರಿಸುವುದು, ಮಾತಾಡುವುದು. ಮೊದಲ ಸೋಮವಾರ ಎಲ್ಲರೂ ವರದಿ ಒಪ್ಪಿಸಿದರು. ಇವರು ಆತಂದ್ರು, ಅವರೂ ಆತಂದ್ರು. ಕೇಳುತ್ತ ಕೇಳುತ್ತ ನನಗೆ ನಮ್ಮ ಮನೆ ನೆನಪಾಯಿತು. ಪಡಸಾಲೆಯ ಫ್ಯಾನು ರಿಪೇರಿ ಮಾಡಿಸಿ ಎಂದರೆ ನಮ್ಮ ಯಜಮಾನರೂ ‘ಆತು’ ಎನ್ನುತ್ತಾರೆ. ಆ ಫ್ಯಾನು ಇವತ್ತಿಗೂ ಕಿರ್ರ್ ಎನ್ನುತ್ತಿದೆ.

ನಮ್ಮ ಕಡೆ ‘ಇಲ್ಲ’ ಎಂದು ಮುಖದ ಮೇಲೆ ಹೇಳುವವರು ಕಡಿಮೆ. ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದು ಹೇಗೆ ಎಂಬ ಸಂಕೋಚ. ಅದಕ್ಕೇ ‘ಆತು’ ಇದೆ. ‘ಆತ್ ತಗೋರಿ’ ಎಂದು ಕೈ ಮುಂದೆ ಚಾಚಿದರೆ ಕೆಲಸ ಆದ ಹಾಗೆ. ‘ಆತ್ ನೋಡೂಣಂತ’ ಎಂದರೆ ಮುಂದಿನ ಸುಗ್ಗಿಗೆ ಬಾ ಎಂದ ಹಾಗೆ. ಇನ್ನು ‘ಆತ್ ಬಿಡ್ರಿ’ ಇದೆಯಲ್ಲ, ಅದು ಎರಡೂ ಕಡೆ ನಡೆಯುವ ಮಾತು. ಚುರುಕಾಗಿ, ನಿಮ್ಮ ಮುಖ ನೋಡಿ ಅಂದರೆ ‘ಚಿಂತಿ ಬಿಡ್ರಿ, ಕೆಲಸ ಆತು’ ಎಂದರ್ಥ. ಕೊನೆಯ ‘ಬಿಡ್ರಿ’ಯನ್ನು ಎಳೆದು, ಬೇರೆ ಎಲ್ಲೋ ನೋಡುತ್ತ ಅಂದರೆ, ಆ ವಿಷಯವನ್ನೇ ಬಿಡಿ ಎಂದರ್ಥ. ಆ್ಯಪಿನಲ್ಲಿ ಬರೆದರೆ ಎರಡೂ ಒಂದೇ.

“ಮುಂದಿನ ಸೋಮವಾರದಿಂದ ಯಾರೂ ಏನಂದ್ರು ಅಂತ ಹೇಳಬ್ಯಾಡ್ರಿ. ಹ್ಯಾಂಗಂದ್ರು ಅಂತ ಹೇಳ್ರಿ. ಅವರ ಹಾಂಗ ಮಾತಾಡಿ ತೋರಸ್ರಿ” ಎಂದೆ.

ಶಶಿಕಲಾ ಬಾಯಿಗೆ ಕೈ ಅಡ್ಡ ಹಿಡಿದಳು. “ಅಯ್ಯ ಅಕ್ಕಾರ, ನಾಟಕಾ ಮಾಡಬೇಕೇನ್ರಿ?”

“ಹೂಂ, ನಾಟಕನ.”

ಅಷ್ಟೇ ಸಾಕಾಯಿತು. ಮುಂದಿನ ಸೋಮವಾರ ರಿಯಾಜ್ ಭಾಯ್ ಒಳಗಿದ್ದ ನಟ ಎದ್ದು ಬಂದ. ಗಜೇಂದ್ರಗಡದ ಒಬ್ಬ ವ್ಯಾಪಾರಿ ಮೂಗಿನ ತುದಿಗೆ ಕನ್ನಡಕ ಇಳಿಸಿ, ಮೊಬೈಲು ನೋಡುತ್ತಲೇ “ಆತ್ ಆತ್, ಬರ್ರಿ ಮುಂದಿನ ವಾರ” ಎನ್ನುವುದನ್ನು ಮಾಡಿ ತೋರಿಸಿದಾಗ ನಾವು ನಕ್ಕು ನಕ್ಕು ಸುಸ್ತಾದೆವು. ಶಶಿಕಲಾ ಒಬ್ಬ ಅಂಗಡಿಯವರು “ಬಾ ತಂಗಿ, ಚಾ ಕುಡಿ” ಎನ್ನುತ್ತ ಆರ್ಡರಿನ ಮಾತು ಬಂದೊಡನೆ ತಕ್ಕಡಿ ಒರೆಸಲು ಶುರು ಮಾಡುವುದನ್ನು ತೋರಿಸಿದಳು. ತೋರಿಸುತ್ತಲೇ ಅವಳೇ ನಿಂತಳು. “ಇವರು ಕೊಡಂಗಿಲ್ಲ ಬಿಡ್ರಿ ಅಕ್ಕಾರ. ನಾ ಸುಮ್ನ ಚಾ ಕುಡ್ಯಾಕ ಹೊಂಟೇನಿ” ಎಂದಳು. ನಾನು ಏನೂ ಹೇಳಬೇಕಾಗಿರಲಿಲ್ಲ. ಮರುವಾರ ಆ ಅಂಗಡಿ ಬಿಟ್ಟು ಅಬ್ಬಿಗೇರಿಯ ಇಬ್ಬರು ವ್ಯಾಪಾರಿಗಳ ಬೆನ್ನು ಹತ್ತಿದಳು. ಅಲ್ಲಿ ಅವಳಿಗೆ ಮೊದಲ ದೊಡ್ಡ ಆರ್ಡರು ಸಿಕ್ಕಿತು, ಮುಚ್ಚಿಟ್ಟಿದ್ದ ನರಗುಂದದ ಸುದ್ದಿಯನ್ನೂ ತಾನಾಗಿಯೇ ಬಸುವಿಗೆ ಹೇಳಿದಳು. ಒಂದು ತಂಡ ಕೂಡಿಕೊಳ್ಳುವುದಕ್ಕೆ ಭಾಷಣಕ್ಕಿಂತ ಭಜಿ ಮೇಲು ಎಂದು ನಾನು ನಂಬಿದ್ದು ಆವಾಗಿನಿಂದ.

ಅದೇ ಸೋಮವಾರ, ಶಶಿಕಲಾಳ ನಂತರ ಬಸುವಿನ ಸರದಿ ಬಂತು. ನರಗುಂದದ ಈರಪ್ಪ ಸಾವಕಾರರ ಬೇಳೆ ಮಿಲ್ಲು ನಮ್ಮ ಆ ವರ್ಷದ ಎಲ್ಲಕ್ಕಿಂತ ದೊಡ್ಡ ‘ಆಯಿತು’. ಅವರ ಮಾರ್ಕು ಜೋಡಿ ಗಿಳಿ, ಸುತ್ತ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ಬಸು ಹುರುಪಿನಿಂದ ಮುಂದಿನ ಗಂಟಿನ ಮೇಲೆ ಬಂದು ಕೂತ. ಸಾವಕಾರರ ಹಾಗೆ, ಇಲ್ಲದ ಟೊಪ್ಪಿಗೆ ತೆಗೆದು ಮೊಳಕಾಲ ಮೇಲೆ ಇಟ್ಟ. ಅವರು ಮಿಲ್ಲಿನ ಹಿಂದಿನ ಗುಡ್ಡ ನೋಡುವ ಹಾಗೆ ಕಿಟಕಿಯಾಚೆ ನೋಡಿದ. ಆಮೇಲೆ ಮೆಲ್ಲಗೆ ಎಳೆದು ಹೇಳಿದ.

“ಆತ್… ಬಿಡ್ರೀ…”

ಗೋದಾಮಿನಲ್ಲಿ ಯಾರೂ ನಗಲಿಲ್ಲ. ರಿಯಾಜ್ ಭಾಯ್ ಕೈಯಲ್ಲಿದ್ದ ಭಜಿ ಕಾಗದದ ಮೇಲೆ ಇಟ್ಟರು. ಬಸು ಇನ್ನೂ ಕಿಟಕಿ ಕಡೆಗೇ ನೋಡುತ್ತಿದ್ದ. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೆ ಬಿದ್ದಿತ್ತು. ಅವನ ಮುಖ ಸಪ್ಪಗಾಯಿತು.

“ಮೇಡಂ, ಅವರು ಬ್ಯಾಡ ಅಂದಿದ್ರು” ಎಂದ.

ಅಚ್ಚಿನ ಮನೆಗೆ ಫೋನು ಮಾಡಿದೆ. ಚೀಲ ಅಚ್ಚಾಗಿ, ಲಾರಿ ಹೊರಟಾಗಿತ್ತು. ಬೇರೆ ಚೀಲವಾದರೆ ಇನ್ನೊಬ್ಬರಿಗೆ ಮಾರಬಹುದು. ಒಬ್ಬರ ಮಾರ್ಕು ಹೊತ್ತ ಚೀಲ ಇನ್ನೊಬ್ಬರಿಗೆ ಕಸ. ಅಂಥ ಮಾಲು ಯಾರಿಂದ ಉಳಿಯುತ್ತದೋ ಅವರ ಕೆಲಸ ಉಳಿಯುವುದಿಲ್ಲ ಎಂಬುದು ಕಂಪನಿಯ ನಿಯಮ. ಅಲ್ಲಿಗೆ, ಸುಗ್ಗಿಯ ಕೊನೆಗೆ ಯಾರು ಮನೆಗೆ ಎಂಬ ಸಾಹೇಬರ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ನನಗೆ ಮೊದಲು ಕಣ್ಣ ಮುಂದೆ ಬಂದದ್ದು ಬಸು ಅಲ್ಲ, ಅವನ ತಾಯಿ.

ಮರುದಿನ ಜಿಟಿಜಿಟಿ ಮಳೆಯಲ್ಲಿ ಲಾರಿ ಬಂತು. ಹಮಾಲರು ತಾಡಪಾಲು ಹೊದ್ದುಕೊಂಡು ಗಂಟುಗಳನ್ನು ಇಳಿಸಿದರು. ಎಲ್ಲಿ ನೋಡಿದರೂ ಹಸಿರು ಗಿಳಿಗಳು, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಅಷ್ಟು ಚಂದದ ಅಚ್ಚನ್ನು ನಾನು ಮತ್ತೆ ನೋಡಿಲ್ಲ. ಬಸು ಒಂದು ಚೀಲ ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

“ನರಗುಂದಕ್ಕ ಹೋಗಿ ಬರ್ತೇನ್ರಿ. ಹ್ಯಾಂಗರ ಮಾಡಿ ಒಪ್ಪಸ್ತೇನಿ.”

“ನಾನೂ ಬರ್ತೇನಿ. ಆದ್ರ ಒಂದು ಮಾತು. ನೀ ಅಲ್ಲಿ ಏನೂ ಮಾರಬ್ಯಾಡ. ಆಗಿದ್ದು ಹೇಳು, ಸುಮ್ನ ಕುಂದರು” ಎಂದೆ.

ನಾನೂ ಬಾಯಿ ತೆರೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಮೇಲಿನವರು ಜೊತೆಗೆ ಹೋಗಿ ತಾವೇ ಮಾತಾಡಿ ಬಂದರೆ, ಮರುದಿನದಿಂದ ಗಿರಾಕಿ ಆ ಹುಡುಗನ ಮುಖ ನೋಡುವುದಿಲ್ಲ. ಇದು ಯಾವ ತರಬೇತಿಯಲ್ಲಿ ಕಲಿತದ್ದೂ ಅಲ್ಲ. ನನ್ನ ಮೊದಲ ಮ್ಯಾನೇಜರು ನನಗೆ ಹಾಗೆ ಮಾಡಿದ್ದರು, ಅವರ ಮೇಲಿನ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಮಿಲ್ಲು ಊರ ಹೊರಗೆ ಇತ್ತು, ಹಿಂದೆ ಗುಡ್ಡ. ಈರಪ್ಪ ಸಾವಕಾರರು ಗಾದಿಯ ಮೇಲೆ ಕೂತಿದ್ದರು. ಟೊಪ್ಪಿಗೆ ಮೊಳಕಾಲ ಮೇಲೆಯೇ ಇತ್ತು. ನನಗೆ ಅಷ್ಟು ಆತಂಕದಲ್ಲೂ ನಗು ಬಂದು ಸೆರಗು ಅಡ್ಡ ಹಿಡಿದೆ. “ಬರ್ರಿ, ಕುಂದರ್ರಿ, ಚಾ ತಗೋರಿ” ಎಂದರು. ಬಸು ಚಾ ಮುಟ್ಟಲಿಲ್ಲ.

“ಸಾವಕಾರ್ರ, ನಂದೊಂದು ತಪ್ಪಾಗೈತ್ರಿ. ಅವತ್ತ ನೀವು ಆತ್ ಬಿಡ್ರಿ ಅಂದ್ರಿ. ನಾ ಅದನ್ನ ಆತು ಅಂತ ಬರದೆ. ಜೋಡಿ ಗಿಳಿ ಚೀಲಾ ಅಚ್ಚಾಗಿ ಬಂದುಬಿಟ್ಟಾವ್ರಿ.”

ಸಾವಕಾರರು ಅವನನ್ನೇ ನೋಡಿದರು. “ಅಲ್ಲೋ ತಮ್ಮಾ, ಆತು ಅನ್ನೂದನ್ನ ಅಷ್ಟ ತಗೊಂಡು ಹೋದಿ. ಬಿಡ್ರಿ ಅನ್ನೂದನ್ನ ಇಲ್ಲೇ ಬಿಟ್ಟು ಹೋದೇನು?”

ಬಸು ತಲೆ ತಗ್ಗಿಸಿದ. ನಾನು ಚಾದ ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ಎಷ್ಟು ಕಷ್ಟ ಎಂದು ನನ್ನಂಥ ಬಾಯಿಬಡುಕಿಯನ್ನು ಕೇಳಬೇಕು. ಮಿಲ್ಲಿನ ಸದ್ದು, ಹೊರಗೆ ಮಳೆಯ ಸದ್ದು. ಆಮೇಲೆ ಬಸು ತಲೆ ಎತ್ತಿ, ಅಷ್ಟು ದಿನ ನಾವು ಯಾರೂ ಕೇಳದಿದ್ದ ಪ್ರಶ್ನೆ ಕೇಳಿದ.

“ಚೀಲಾ ತಗೋರಿ ಅಂತ ಕೇಳವಲ್ಲೆ. ಆದ್ರ ಯಾಕ್ ಬ್ಯಾಡಂದ್ರಿ, ಅದನ್ನ ಹೇಳ್ರಿ. ಚೀಲದಾಗ ಏನರ ಐಬು ಐತೇನ್ರಿ?”

ಸಾವಕಾರರು ಗುಮಾಸ್ತನನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿದರು. ಬಸುವಿನ ಕಂಕುಳಲ್ಲಿದ್ದ ಚೀಲ ಇಸಿದುಕೊಂಡು ತೊಡೆಯ ಮೇಲೆ ಬಿಚ್ಚಿದರು. ಗಿಳಿಗಳ ಮೇಲೆ ಕೈ ಆಡಿಸಿದರು.

“ಚೀಲದಾಗ ಏನೂ ಇಲ್ಲಪಾ. ನಾನು, ನನ್ನ ತಮ್ಮ ಬ್ಯಾರೆ ಆಗಾಕತ್ತೀವಿ. ಈ ಜೋಡಿ ಗಿಳಿ ಯಾರ ಪಾಲಿಗೆ ಅಂತ ಇನ್ನಾ ಹರದಿಲ್ಲ. ಅಪ್ಪ ಇಟ್ಟಿದ್ದು, ನಾವಿಬ್ಬರೂ ಸಣ್ಣವರಿದ್ದಾಗ. ಮನಿ ಮಾತು ಇದು. ಚೀಲಾ ಮಾರಾಕ ಬಂದವರ ಮುಂದ ಹ್ಯಾಂಗ ಹೇಳ್ಲಿ? ಅದಕ್ಕ ಆತ್ ಬಿಡ್ರಿ ಅಂದೆ.”

ನಾವು ಎದ್ದು ಬಂದೆವು. ಅವರು ಚೀಲ ವಾಪಸ್ಸು ಕೊಡಲಿಲ್ಲ, ನಾವೂ ಕೇಳಲಿಲ್ಲ.

ಅವತ್ತೇ ಸಂಜೆ ಗೋದಾಮಿನಲ್ಲಿದ್ದಾಗ ಬೆಂಗಳೂರಿನಿಂದ ಫೋನು ಬಂತು. ಅಚ್ಚಿನ ಮನೆಯಿಂದ ಸಾಹೇಬರಿಗೆ ಸುದ್ದಿ ಮುಟ್ಟಿತ್ತು.

“ತುಂಬಾ ಬೇಜಾರಿನ ವಿಷಯ ಮೇಡಂ. ಆದರೆ ರೂಲ್ಸ್ ಅಂದ್ರೆ ರೂಲ್ಸ್. ಬಸವರಾಜು ಅವರಿಗೆ ಈ ತಿಂಗಳೇ ಕೊನೆ ಅಂತ ಹೇಳ್ಬಿಡಿ. ಆಯ್ತಾ?”

ಜಗಳ ಮಾಡಬಹುದಿತ್ತು. ಜಗಳ ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಜಗಳ ಮಾಡಿದರೆ ಅವರು ಮರುದಿನ ತಾವೇ ಬಸುವಿಗೆ ಫೋನು ಮಾಡುತ್ತಿದ್ದರು. ನಾನು ಬಾಗಿಲ ಕಡೆ ಬೆನ್ನು ಮಾಡಿ, ಗಿಳಿಗಳ ರಾಶಿಯನ್ನು ನೋಡುತ್ತ ನಿಂತಿದ್ದೆ. ನನ್ನ ಬಾಯಿಂದ ತಾನಾಗಿಯೇ ಬಂತು.

“ಆತ್… ಬಿಡ್ರೀ ಸರ್…”

“ಥ್ಯಾಂಕ್ಸ್ ಮೇಡಂ. ನೀವು ಅರ್ಥ ಮಾಡ್ಕೋತೀರಿ ಅಂತ ಗೊತ್ತಿತ್ತು” ಎಂದು ಅವರು ಖುಷಿಯಿಂದ ಫೋನಿಟ್ಟರು. ಬಹುಶಃ ಅಲ್ಲಿ ಕೂತು ಅವರೂ ‘ಆಯಿತು’ ಒತ್ತಿರಬೇಕು.

ನಾನು ಬಸುವಿಗೆ ಏನೂ ಹೇಳಲಿಲ್ಲ. ಆ ತಿಂಗಳೆಲ್ಲ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂಬುದನ್ನೂ ಯಾರಿಗೂ ಹೇಳಲಿಲ್ಲ. ಮಳೆ ಬಿಡುವು ಕೊಟ್ಟಿತು. ಹೊಲಗಳಲ್ಲಿ ಹೆಂಗಸರು ಸಾಲು ಹಿಡಿದು ಹೆಸರಿನ ಕಾಯಿ ಬಿಡಿಸತೊಡಗಿದರು. ಮಾರ್ಕೆಟ್ಟಿಗೆ ಹೊಸ ಕಾಳು ಬಂದು ರಸ್ತೆಯೆಲ್ಲ ಹಸಿರು ಧೂಳು. ಬಸು ದಿನಾಲೂ ನರಗುಂದಕ್ಕೆ ಹೋಗುತ್ತಿದ್ದ, ಬೇರೆ ಗಿರಾಕಿಗಳನ್ನು ಕಾಣುತ್ತಿದ್ದ, ಆ್ಯಪಿನಲ್ಲಿ ‘ಆಗಲಿಲ್ಲ’ ಎಂದು ಒತ್ತುವುದನ್ನೂ ಕಲಿತಿದ್ದ. ಸಾವಕಾರರ ಮಿಲ್ಲಿನ ಮುಂದೆ ಹಾದರೂ ಒಳಗೆ ಹೋಗುತ್ತಿರಲಿಲ್ಲ.

ತಿಂಗಳ ಕೊನೆಯ ವಾರ ಗೋದಾಮಿನ ಮುಂದೆ ಒಂದು ಜೀಪು ನಿಂತಿತು. ಈರಪ್ಪ ಸಾವಕಾರರು ಇಳಿದರು. ಅವರ ಹಿಂದೆ ಅವರದೇ ಮುಖದ, ಸ್ವಲ್ಪ ತೆಳ್ಳಗಿನ ಒಬ್ಬರು. ತಮ್ಮ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಗಿಳಿಗಳ ರಾಶಿಯನ್ನು ನೋಡಿದರು.

“ಅವತ್ತ ನೀ ಕೊಟ್ಟ ಚೀಲಾ ಗಾದಿ ಮ್ಯಾಲೆ ಬಿದ್ದಿತ್ತು. ಇವ ಬಂದವ ಅದನ್ನ ಭಾಳೊತ್ತು ನೋಡಿದ” ಎಂದರು ಸಾವಕಾರರು ಬಸುವಿಗೆ.

ತಮ್ಮ ಬಾಯಿ ತೆರೆದರು. “ಮನಿ ಪಾಲ ಆಗೂದು ಆಗ್ತೈತ್ರಿ, ಅದೇನ ನಿಲ್ಲಂಗಿಲ್ಲ. ಆದ್ರ ಈ ಹೆಸರಿನ ಸುಗ್ಗಿ ಮುಗಿಯೂತನಾ ಹೆಸರು ಕೂಡೇ ಇರ್ಲಿ ಅಂತ ಮಾತಾಡೀವಿ. ಚೀಲಾ ಕೊಡ್ರಿ.”

ಎಲ್ಲವನ್ನೂ ಒಯ್ಯಲಿಲ್ಲ. ಒಂದು ಸುಗ್ಗಿಗೆ ಬೇಕಾದಷ್ಟು ಒಯ್ದರು, ಉಳಿದವು ಬಹಳ ದಿನ ಗೋದಾಮಿನ ಮೂಲೆಯಲ್ಲಿ ನಮ್ಮ ಸೋಮವಾರದ ಆಸನಗಳಾದವು. ಅಷ್ಟು ಸಾಕಿತ್ತು. ಸಾಹೇಬರಿಗೆ ಫೋನು ಮಾಡಿ ಚೀಲ ಹೋದವು ಎಂದೆ. ಅವರು ಬಸುವಿನ ಮಾತೆತ್ತಿದಾಗ, “ಅಯ್ಯ, ನಾ ಅವತ್ತ ಬ್ಯಾಡ ಅಂದಿದ್ನಲ್ರಿ ಸರ್” ಎಂದೆ. ವ್ಯಾಪಾರವೂ ಎದ್ದು ನಿಂತಿತ್ತು, ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು.

ಮುಂದಿನ ವರ್ಷ ನನಗೆ ಹುಬ್ಬಳ್ಳಿಗೆ ವಾಪಸ್ಸು ಕರೆ ಬಂತು. ನನ್ನ ಜಾಗಕ್ಕೆ ಬಸುವನ್ನು ಹೇಳಿ ಬಂದೆ.

ಮೊನ್ನೆ ಆ ಓಣಿಯಲ್ಲಿ ನಿಂತಾಗ ಅದು ಸೋಮವಾರ ಎಂಬುದೂ ನನಗೆ ಮರೆತಿತ್ತು. ಒಳಗೆ ಬಗ್ಗಿ ನೋಡಿದೆ. ಬಸು ಗಂಟಿನ ಮೇಲೆ ಕೂತಿದ್ದ, ಹೊಟ್ಟೆ ಸ್ವಲ್ಪ ಬಂದಿತ್ತು. ಮುಂದೆ ನಾಲ್ಕೈದು ಹೊಸ ಮುಖಗಳು, ನಡುವೆ ಭಜಿಯ ಕಾಗದ. “ಏನಂದ್ರು ಬ್ಯಾಡವಾ. ಹ್ಯಾಂಗಂದ್ರು ಹೇಳು” ಎಂದು ಒಬ್ಬ ಹುಡುಗಿಗೆ ಹೇಳುತ್ತಿದ್ದ. ನನ್ನನ್ನು ಕಂಡು ಎದ್ದುಬಿಟ್ಟ.

“ಮೇಡಂ! ಮೊದ್ಲ ಮನಿಗೆ ನಡೀರಿ. ಅವ್ವ ರೊಟ್ಟಿ ಮಾಡಿರ್ತಾಳ. ಉಂಡ ಹೋಗ್ಬೇಕು.”

ನಾನು ಬಸ್ ನಿಲ್ದಾಣದ ಕಡೆ ನೋಡಿದೆ. “ಆತ್ ಬಿಡಪಾ…” ಎಂದೆ.

ಅವನು ಹುಡುಗರ ಕಡೆ ತಿರುಗಿದ. “ಇದು ಯಾವ ಆತು? ಹೇಳ್ರಿ ನೋಡೂಣು.”

“ಬ್ಯಾಡ ಅನ್ನೂದ್ರಿ!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ನಾನು ನಕ್ಕೆ. ಬಸು ನಗಲಿಲ್ಲ. ನನ್ನ ಕೈಯಲ್ಲಿದ್ದ ಚೀಲ ಇಸಿದುಕೊಂಡು, ಹುಡುಗರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ.

“ಅವತ್ತ ಸಂಜಿಮುಂದ ನೀವು ಫೋನಿನ್ಯಾಗ ಮಾತಾಡೂಮುಂದ ನಾ ಬಾಗಲದಾಗ ನಿಂತಿದ್ದೆ. ಕೆಲಸಾ ಬಿಡ್ತೇನಿ ಅಂತ ಹೇಳಾಕ ಬಂದಿದ್ದೆ. ನೀವು ಆತ್ ಬಿಡ್ರಿ ಸರ್ ಅಂದ್ರಿ. ಹ್ಯಾಂಗಂದ್ರಿ ಅನ್ನೂದು ಕಿವಿಗೆ ಬಿತ್ತ ನೋಡ್ರಿ, ಹಂಗ ಹಿಂದಕ್ಕ ಹೊಳ್ಳಿ ಹೋದೆ.”

ಓಣಿಯ ಆಚೆ ಹುಬ್ಬಳ್ಳಿ ಬಸ್ಸು ಹಾರ್ನು ಹಾಕಿ ಹೊರಟಿತು.

“ಆತ್ ತಗೋ. ನಡಿ, ಉಣ್ಣೂಣು” ಎಂದೆ.